ಬೆನ್ನುಮೂಳೆಯ ವಕ್ರತೆ: ಕೋನ ಎಷ್ಟು, ಬೆಳವಣಿಗೆ ಇನ್ನೆಷ್ಟು?

ಮಾನ್ಯ ಸಂಪಾದಕರೇ,

ಬೆನ್ನುಮೂಳೆಯ ವಕ್ರತೆ, ಅಂದರೆ ಸ್ಕೋಲಿಯೋಸಿಸ್ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯ ಸುದ್ದಿ. ಹಲವು ಗಂಟೆ ನಡೆದ ಆಪರೇಷನ್, ಸೊಟ್ಟಗಿದ್ದ ಬೆನ್ನು ನೆಟ್ಟಗಾದ ಎಕ್ಸ್-ರೇ, ಪಕ್ಕದಲ್ಲಿ ವೈದ್ಯರ ತಂಡದ ಫೋಟೊ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ಮಗುವಿನ ಬೆನ್ನು 50 ಡಿಗ್ರಿ ಬಾಗುವ ಮೊದಲು 20 ಡಿಗ್ರಿ ಬಾಗಿದ್ದ ಕಾಲವೂ ಒಂದಿತ್ತು. ಆಗ ಅದು ಯಾರ ಕಣ್ಣಿಗಾದರೂ ಬಿದ್ದಿತ್ತೇ, ಬಿದ್ದಿದ್ದರೆ ಏನು ಮಾಡಿದರು ಎಂಬುದಕ್ಕೆ ಇಂಥ ಸುದ್ದಿಗಳಲ್ಲಿ ಜಾಗ ಇರುವುದಿಲ್ಲ. ಈ ಮಕ್ಕಳನ್ನು ಆಪರೇಷನ್ನಿಗೆ ಮೊದಲೂ ಆಮೇಲೂ ಹತ್ತಿರದಿಂದ ನೋಡುವ ಫಿಸಿಯೋಥೆರಪಿಸ್ಟ್ ಆಗಿ, ತಂದೆತಾಯಿಗಳಿಗೆ ಮೊದಲು ಗೊತ್ತಾಗಬೇಕಾದ ಸಂಗತಿಗಳು ಎರಡು ಎಂದು ನನ್ನ ಅಭಿಪ್ರಾಯ: ಬಾಗು ಎಷ್ಟು ಡಿಗ್ರಿ ಇದೆ, ಮತ್ತು ಮಗುವಿನ ಬೆಳವಣಿಗೆ ಇನ್ನೆಷ್ಟು ಬಾಕಿ ಇದೆ. ಕಾದು ನೋಡುವುದೋ, ಬ್ರೇಸ್ ಅಂದರೆ ಮೈಗೆ ಬಿಗಿಯುವ ಆಧಾರಕವಚ ತೊಡಿಸುವುದೋ, ಶಸ್ತ್ರಚಿಕಿತ್ಸೆಯೋ ಎಂಬ ನಿರ್ಧಾರ ಹೆಚ್ಚಾಗಿ ಈ ಎರಡನ್ನೇ ಅವಲಂಬಿಸಿದೆ. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ಅಪರೂಪ.

ಸ್ಕೋಲಿಯೋಸಿಸ್ ಎಂದರೆ ಬೆನ್ನು ಎಡಕ್ಕೋ ಬಲಕ್ಕೋ ವಾಲುವುದಷ್ಟೇ ಅಲ್ಲ. ಕಶೇರುಗಳು, ಅಂದರೆ ಬೆನ್ನುಮೂಳೆಯ ಮಣಿಗಳು, ಪಕ್ಕಕ್ಕೆ ಸರಿಯುತ್ತಲೇ ತಮ್ಮ ಅಕ್ಷದ ಸುತ್ತ ತಿರುಚಿಕೊಳ್ಳುತ್ತವೆ, ಎದೆಯ ಭಾಗದಲ್ಲಿ ಅವಕ್ಕೆ ಅಂಟಿಕೊಂಡ ಪಕ್ಕೆಲುಬುಗಳೂ ಜೊತೆಗೇ ತಿರುಗುತ್ತವೆ, ಹೀಗಾಗಿ ಬೆನ್ನಿನ ಒಂದು ಬದಿ ಉಬ್ಬಿ ಬರುತ್ತದೆ. ನೆಟ್ಟಗೆ ನಿಂತಾಗ ಬಟ್ಟೆಯ ಮರೆಯಲ್ಲಿ ಕಾಣದ ಈ ಉಬ್ಬು ಮುಂದಕ್ಕೆ ಬಗ್ಗಿದಾಗ ಕಾಣುತ್ತದೆ. ಇಂಗ್ಲೆಂಡಿನ ಶಸ್ತ್ರವೈದ್ಯ ವಿಲಿಯಂ ಆಡಮ್ಸ್ 1865ರಲ್ಲಿ ವಿವರಿಸಿದ ಪರೀಕ್ಷೆಯ ಆಧಾರ ಇದೇ, ಮತ್ತು ಇಂದಿಗೂ ಪತ್ತೆಯ ಮೊದಲ ಹೆಜ್ಜೆ ಅದೇ. ಮಗುವಿನ ಬೆನ್ನು ಪೂರ್ತಿ ಕಾಣುವಂತಿರಬೇಕು, ಉದ್ದ ಕೂದಲಿದ್ದರೆ ಮೇಲಕ್ಕೆ ಕಟ್ಟಬೇಕು. ಪಾದಗಳನ್ನು ಜೋಡಿಸಿ, ಮೊಣಕಾಲು ಮಡಿಸದೆ, ಎರಡೂ ಅಂಗೈ ಕೂಡಿಸಿ ಕೈಗಳನ್ನು ಇಳಿಬಿಟ್ಟು ನಿಧಾನವಾಗಿ ಬಗ್ಗಲು ಹೇಳಬೇಕು. ನೋಡುವವರು ಹಿಂದೆ ಕುಳಿತು ಕಣ್ಣನ್ನು ಬೆನ್ನಿನ ಮಟ್ಟಕ್ಕೆ ತಂದುಕೊಂಡರೆ, ಮಗು ಬಗ್ಗುತ್ತಾ ಹೋದಂತೆ ಮೊದಲು ಎದೆಯ ಹಿಂಭಾಗವೂ ಆಮೇಲೆ ಸೊಂಟದ ಮೇಲ್ಭಾಗವೂ ಕಣ್ಣಿನ ನೇರಕ್ಕೆ ಬರುತ್ತವೆ. ಎರಡು ಬದಿಗಳಲ್ಲಿ ಒಂದು ಎತ್ತರ, ಇನ್ನೊಂದು ತಗ್ಗು ಕಂಡರೆ ಅಲ್ಲಿ ತಿರುಚು ಇದೆ ಎಂದು ಅನುಮಾನಿಸಬೇಕು. ಬಾಗಿದ ನಳಿಗೆಯೊಳಗೆ ಸಣ್ಣ ಗುಂಡೊಂದು ಉರುಳಿ ಓರೆಯನ್ನು ಡಿಗ್ರಿಯಲ್ಲಿ ತೋರಿಸುವ ಸ್ಕೋಲಿಯೋಮೀಟರ್ ಎಂಬ ಸರಳ ಸಾಧನವನ್ನು ಆ ಉಬ್ಬಿನ ಮೇಲೆ ಅಡ್ಡಲಾಗಿ ಇಡುತ್ತಾರೆ. ಅದು 7 ಡಿಗ್ರಿ ಅಥವಾ ಹೆಚ್ಚು ತೋರಿಸಿದರೆ ಎಕ್ಸ್-ರೇ ತೆಗೆಸುವುದು ಸಾಮಾನ್ಯ ರೂಢಿ. ಒಂದು ಕಾಲು ಗಿಡ್ಡವಿದ್ದರೂ ಬೆನ್ನು ಓರೆಯಾಗಿ ಕಾಣಬಹುದಾದ್ದರಿಂದ, ಅನುಮಾನವಿದ್ದಲ್ಲಿ ಕೂರಿಸಿ ಬಗ್ಗಿಸಿಯೂ ನೋಡುವುದು ಒಳ್ಳೆಯದು.

ಇಷ್ಟು ಸುಲಭದ ಪರೀಕ್ಷೆ ಇದ್ದರೂ ಬಾಗು ತಡವಾಗಿ ಗೊತ್ತಾಗುವುದೇಕೆ? ಹರೆಯದ ಮಕ್ಕಳಲ್ಲಿ ಇದು ಆರಂಭದಲ್ಲಿ ಸಾಮಾನ್ಯವಾಗಿ ಅಷ್ಟಾಗಿ ನೋಯುವುದಿಲ್ಲ, ಓಡಾಟಕ್ಕೆ ಅಡ್ಡಿ ಮಾಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಾಗು ವೇಗವಾಗಿ ಹೆಚ್ಚುವ 10ರಿಂದ 14ರ ವಯಸ್ಸು ಮಕ್ಕಳು ತಾವೇ ಸ್ನಾನ ಮಾಡಿ, ಬಾಗಿಲು ಹಾಕಿಕೊಂಡು ಬಟ್ಟೆ ಬದಲಿಸುವ ವಯಸ್ಸೂ ಹೌದು. ಮಗಳ ಬರಿ ಬೆನ್ನನ್ನು ಅಮ್ಮನೂ ನೋಡಿರುವುದಿಲ್ಲ. ಒಂದು ಭುಜ ಮೇಲಿರುವುದು, ಭುಜದ ಹಲಗೆಯೊಂದು ಎದ್ದು ಕಾಣುವುದು, ಸೊಂಟದ ಒಂದು ಬದಿಯ ಒಳಬಾಗು ಮಾಯವಾಗಿ ತೋಳಿಗೂ ಮೈಗೂ ನಡುವಿನ ಸಂದು ಎರಡು ಕಡೆ ಬೇರೆ ಬೇರೆಯಾಗಿ ತೋರುವುದು, ಇವೆಲ್ಲ ಬಟ್ಟೆ ಹೊಲಿಸುವಾಗಲೋ ಈಜುಕೊಳದಲ್ಲೋ ಆಕಸ್ಮಿಕವಾಗಿ ಗಮನಕ್ಕೆ ಬರುತ್ತವೆ.

ಕೋನದ ವಿಷಯಕ್ಕೆ ಬರೋಣ. ನಿಂತ ಭಂಗಿಯಲ್ಲೇ, ಕುತ್ತಿಗೆಯಿಂದ ಸೊಂಟದ ಮೂಳೆಯವರೆಗೆ ಬೆನ್ನು ಒಂದೇ ಚಿತ್ರದಲ್ಲಿ ಬರುವಂತೆ ಎಕ್ಸ್-ರೇ ತೆಗೆಯಬೇಕು. ಮಲಗಿಸಿ ತೆಗೆದರೆ ಬಾಗು ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಬಾಗಿನ ಮೇಲ್ತುದಿಯಲ್ಲಿ ಅತ್ಯಂತ ಓರೆಯಾಗಿರುವ ಕಶೇರುವಿನ ಮೇಲಂಚಿಗೆ ಒಂದು ಗೆರೆ, ಕೆಳತುದಿಯ ಕಶೇರುವಿನ ಕೆಳಅಂಚಿಗೆ ಇನ್ನೊಂದು ಗೆರೆ ಎಳೆದರೆ ಅವುಗಳ ನಡುವಿನ ಕೋನವೇ ಕಾಬ್ ಕೋನ. ಅಮೆರಿಕದ ಮೂಳೆ ಶಸ್ತ್ರವೈದ್ಯ ಜಾನ್ ಕಾಬ್ 1948ರಲ್ಲಿ ವಿವರಿಸಿದ ಈ ಅಳತೆಯನ್ನೇ ಜಗತ್ತಿನಾದ್ಯಂತ ಬಳಸುತ್ತಾರೆ. 10 ಡಿಗ್ರಿ ಮುಟ್ಟಿದರೆ ಮಾತ್ರ ಅದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ಇಲ್ಲಿ ಪೋಷಕರು ತಿಳಿದಿರಬೇಕಾದ ಸೂಕ್ಷ್ಮವೊಂದಿದೆ: ಒಂದೇ ಚಿತ್ರವನ್ನು ಇಬ್ಬರು ಅಳೆದರೆ ಸುಮಾರು 5 ಡಿಗ್ರಿಯಷ್ಟು ವ್ಯತ್ಯಾಸ ಬರುವುದು ಸಹಜ. ಆರು ತಿಂಗಳ ಹಿಂದೆ 22 ಇದ್ದದ್ದು ಈಗ 25 ಆಯಿತೆಂದು ಕಂಗಾಲಾಗಬೇಕಿಲ್ಲ, 25 ಇದ್ದದ್ದು 22 ಆಯಿತೆಂದು ಯಾವುದೋ ಎಣ್ಣೆಗೋ ವ್ಯಾಯಾಮಕ್ಕೋ ಯಶಸ್ಸಿನ ಪ್ರಮಾಣಪತ್ರ ಕೊಡಬೇಕಾದದ್ದೂ ಇಲ್ಲ. ಹಳೆಯ ಚಿತ್ರವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು, ಅವೇ ಕಶೇರುಗಳನ್ನು ಆರಿಸಿ ಅಳೆದಾಗ ಮಾತ್ರ ಬಾಗು ಹೆಚ್ಚಿತೋ ಇಲ್ಲವೋ ಹೇಳಬಹುದು. ಆದ್ದರಿಂದ ಕೇವಲ ವರದಿಯ ಕಾಗದವನ್ನಲ್ಲ, ಚಿತ್ರಗಳನ್ನೇ ಜೋಪಾನ ಮಾಡಬೇಕು. ಹಾಗೆಂದು ತಿಂಗಳಿಗೊಮ್ಮೆ ಎಕ್ಸ್-ರೇ ಬೇಡ. ಕಳೆದ ಶತಮಾನದಲ್ಲಿ ಸ್ಕೋಲಿಯೋಸಿಸ್‌ಗಾಗಿ ಮತ್ತೆ ಮತ್ತೆ ಎಕ್ಸ್-ರೇಗೆ ಒಳಗಾದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್‌ನಿಂದ ಸಾವು ಹೆಚ್ಚಿತ್ತೆಂದು ಅಮೆರಿಕದ ಅಧ್ಯಯನವೊಂದು 2000ದಲ್ಲಿ ತೋರಿಸಿತು. ಈಗ ಕಿರಣಗಳು ಹಿಂದಿನಿಂದ ಮುಂದಕ್ಕೆ ಹಾಯುವಂತೆ ಚಿತ್ರ ತೆಗೆಯುವುದಕ್ಕೆ, ಕಡಿಮೆ ವಿಕಿರಣದ ಯಂತ್ರಗಳನ್ನು ಬಳಸುವುದಕ್ಕೆ ಕಾರಣ ಅದೇ.

ಎರಡನೆಯ ಸಂಗತಿ, ಬಾಕಿ ಇರುವ ಬೆಳವಣಿಗೆ. ಸೊಂಟದ ಮೂಳೆಯ ಮೇಲಂಚಿನಲ್ಲಿ ಹೊಸ ಮೂಳೆ ಕಟ್ಟುತ್ತಾ ಹೋಗುವುದನ್ನು ಅದೇ ಎಕ್ಸ್-ರೇಯಲ್ಲಿ ನೋಡಿ 0ಯಿಂದ 5ರವರೆಗೆ ಅಂಕ ಕೊಡುವ ಕ್ರಮಕ್ಕೆ ರಿಸ್ಸರ್ ಚಿಹ್ನೆ ಎಂದು ಹೆಸರು. 0 ಎಂದರೆ ಬೆಳವಣಿಗೆ ಇನ್ನೂ ಸಾಕಷ್ಟಿದೆ, 5 ಎಂದರೆ ಮುಗಿದಿದೆ. ಇದರ ಕೊರತೆಯೆಂದರೆ, ಮಗು ಅತಿ ವೇಗವಾಗಿ ಬೆಳೆಯುವ ಅವಧಿ ರಿಸ್ಸರ್ 0 ಇರುವಾಗಲೇ ಕಳೆದುಹೋಗುತ್ತದೆ. ಅದಕ್ಕಾಗಿ ಅಂಗೈ ಮತ್ತು ಬೆರಳುಗಳ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸನ್ನು ಇನ್ನಷ್ಟು ನಿಖರವಾಗಿ ನೋಡುವವರಿದ್ದಾರೆ. ಹೆಣ್ಣುಮಕ್ಕಳಲ್ಲಿ ಮೈನೆರೆಯುವುದಕ್ಕೆ ತುಸು ಮೊದಲು ಎತ್ತರ ಭರದಿಂದ ಏರಿ, ಆಮೇಲೆ ಸುಮಾರು ಎರಡು ವರ್ಷದಲ್ಲಿ ನಿಲ್ಲುತ್ತದೆ. ವೈದ್ಯರು ಮುಟ್ಟಿನ ಬಗ್ಗೆ ಕೇಳಿದಾಗ ಮುಜುಗರಪಟ್ಟು ವಿಷಯ ಬದಲಿಸುವವರಿಗೆ ಈ ಪ್ರಶ್ನೆ ಎಷ್ಟು ಮುಖ್ಯವೆಂದು ತಿಳಿದಿರಲಿ. 1984ರಲ್ಲಿ ಲಾನ್‌ಸ್ಟೈನ್ ಮತ್ತು ಕಾರ್ಲ್‌ಸನ್ ಪ್ರಕಟಿಸಿದ ಅಧ್ಯಯನದಲ್ಲಿ 20ರಿಂದ 29 ಡಿಗ್ರಿಯ ಬಾಗು ಇದ್ದ ಮಕ್ಕಳ ಪೈಕಿ, ರಿಸ್ಸರ್ 0 ಅಥವಾ 1 ಇದ್ದವರಲ್ಲಿ ಶೇ 68ರಷ್ಟು ಮಂದಿಗೆ ಬಾಗು ಹೆಚ್ಚಿತು. ರಿಸ್ಸರ್ 2 ಅಥವಾ ಹೆಚ್ಚು ಇದ್ದವರಲ್ಲಿ ಹೀಗಾದದ್ದು ಶೇ 23ರಷ್ಟು ಮಂದಿಗೆ ಮಾತ್ರ. ಕೋನ ಒಂದೇ, ಭವಿಷ್ಯ ಬೇರೆ. 11 ವರ್ಷದವಳ 25 ಡಿಗ್ರಿಯನ್ನೂ 16 ವರ್ಷದವಳ 25 ಡಿಗ್ರಿಯನ್ನೂ ಒಂದೇ ಮಾತಿನಲ್ಲಿ ‘ಆರು ತಿಂಗಳು ಬಿಟ್ಟು ಬನ್ನಿ’ ಎಂದು ಕಳಿಸುವುದು ತಪ್ಪು.

ಕಾರಣಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಆದರೆ ತಪ್ಪಿತಸ್ಥ ಭಾವನೆಯಿಂದ ನರಳುವ ತಾಯಂದಿರಿಗಾಗಿ ಒಂದು ಮಾತು. ಶಾಲೆಯ ಚೀಲದ ಭಾರ, ಕೂರುವ ಭಂಗಿ, ಒಂದೇ ಮಗ್ಗುಲಲ್ಲಿ ಮಲಗುವುದು, ಮೊಬೈಲ್, ಇವು ಯಾವುವೂ ಸ್ಕೋಲಿಯೋಸಿಸ್ ಉಂಟುಮಾಡುವುದಿಲ್ಲ. ಸುಮಾರು ಶೇ 80ರಷ್ಟು ಪ್ರಕರಣಗಳಲ್ಲಿ ನಿರ್ದಿಷ್ಟ ಕಾರಣ ಸಿಗುವುದಿಲ್ಲ. ಆನುವಂಶಿಕ ಅಂಶ ಇದೆ ಎನ್ನುವುದಂತೂ ಖಚಿತ. ಹರೆಯದವರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ 10 ಡಿಗ್ರಿ ಮೀರಿದ ಬಾಗು ಇರುತ್ತದಾದರೂ ಅವರಲ್ಲಿ ಬಹುಪಾಲು ಜನರಿಗೆ ಯಾವ ಚಿಕಿತ್ಸೆಯೂ ಬೇಕಾಗುವುದಿಲ್ಲ. ಸಣ್ಣ ಬಾಗು ಹುಡುಗ ಹುಡುಗಿಯರಲ್ಲಿ ಹೆಚ್ಚುಕಡಿಮೆ ಸಮನಾಗಿ ಕಂಡರೂ ದೊಡ್ಡ ಬಾಗಿನವರಲ್ಲಿ ಹುಡುಗಿಯರೇ ಬಹಳ ಹೆಚ್ಚು. ಬಾಗಿಗೆ ಕಾರಣ ಗೊತ್ತಿರುವ ಗುಂಪುಗಳನ್ನು ಬೇರೆಯಾಗಿಯೇ ನೋಡಬೇಕು: ಗರ್ಭದಲ್ಲೇ ಕಶೇರುಗಳು ಅರ್ಧಂಬರ್ಧ ರೂಪುಗೊಂಡವರಲ್ಲಿ ಮೂತ್ರಪಿಂಡ, ಹೃದಯ ಮತ್ತು ಬೆನ್ನುಹುರಿಯನ್ನೂ ಪರೀಕ್ಷಿಸಬೇಕಾಗುತ್ತದೆ, ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ) ಅಥವಾ ಸ್ನಾಯುಕ್ಷಯದ ಮಕ್ಕಳಲ್ಲಿ ಬಾಗು ಬೆಳವಣಿಗೆ ನಿಂತ ಮೇಲೂ ಏರಬಹುದು. ರಾತ್ರಿ ಎಬ್ಬಿಸುವಂಥ ನೋವು, ಎದೆಯ ಭಾಗದಲ್ಲಿ ಎಡಕ್ಕೆ ತಿರುಗಿದ ಬಾಗು, ಕೆಲವೇ ತಿಂಗಳಲ್ಲಿ ಭರದಿಂದ ಹೆಚ್ಚಿದ ಕೋನ, ಕಾಲಿನ ಬಲ ಅಥವಾ ಪ್ರತಿವರ್ತನೆಯಲ್ಲಿ ವ್ಯತ್ಯಾಸ, ಇವುಗಳಲ್ಲಿ ಯಾವುದಿದ್ದರೂ ಎಂಆರ್‌ಐ ಮಾಡಿಸದೆ ಮುಂದಿನ ಮಾತಾಡಬಾರದು. ಬೆನ್ನುಹುರಿಯೊಳಗೆ ನೀರುಗುಳ್ಳೆಯೋ ಗಡ್ಡೆಯೋ ಇದ್ದು ಅದೇ ಬಾಗಿಗೆ ಕಾರಣವಾಗಿರಬಹುದು.

ಬ್ರೇಸ್ ಬಗ್ಗೆ ಬಹಳ ಕಾಲ ತಜ್ಞರಲ್ಲೇ ಅನುಮಾನಗಳಿದ್ದವು. 2013ರಲ್ಲಿ ಪ್ರಕಟವಾದ, ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ ಅವನ್ನು ಬಹುಮಟ್ಟಿಗೆ ಬಗೆಹರಿಸಿತು. ಬೆಳವಣಿಗೆ ಮುಗಿಯುವವರೆಗೂ ಬಾಗು 50 ಡಿಗ್ರಿ ಮುಟ್ಟದಿರುವುದನ್ನು ಯಶಸ್ಸು ಎಂದು ಎಣಿಸಿದಾಗ, ಬ್ರೇಸ್ ತೊಟ್ಟವರಲ್ಲಿ ಶೇ 72ರಷ್ಟು ಮಂದಿಯೂ ಸುಮ್ಮನೆ ಕಾದು ನೋಡಿದವರಲ್ಲಿ ಶೇ 48ರಷ್ಟು ಮಂದಿಯೂ ಯಶಸ್ವಿಯಾದರು. ಬ್ರೇಸಿನೊಳಗೆ ಉಷ್ಣಸಂವೇದಕವಿಟ್ಟು ಎಷ್ಟು ಹೊತ್ತು ತೊಟ್ಟಿದ್ದರೆಂದು ಅಳೆಯಲಾಗಿತ್ತು. ದಿನಕ್ಕೆ ಸುಮಾರು 13 ಗಂಟೆ ಮೀರಿ ತೊಟ್ಟವರಲ್ಲಿ ಯಶಸ್ಸು ಶೇ 90 ದಾಟಿತ್ತು. ಕಾದು ನೋಡಿದವರಲ್ಲೂ ಅರ್ಧದಷ್ಟು ಮಂದಿ ಶಸ್ತ್ರಚಿಕಿತ್ಸೆಯ ಹಂತ ಮುಟ್ಟಲಿಲ್ಲ ಎನ್ನುವುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಬೆಳೆಯುತ್ತಿರುವ, 25ರಿಂದ 40 ಡಿಗ್ರಿಯ ನಡುವಿನ ಮಕ್ಕಳಿಗೆ ಮಾತ್ರ ಇದರ ಪ್ರಯೋಜನ. ಬ್ರೇಸ್ ಬಾಗನ್ನು ನೆಟ್ಟಗೆ ಮಾಡುವುದಿಲ್ಲ, ಹೆಚ್ಚದಂತೆ ತಡೆಯುತ್ತದೆ. ನನ್ನ ವೃತ್ತಿಯವರಿಗೆ ಇಷ್ಟವಾಗದ ಒಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ: ಸ್ಕೋಲಿಯೋಸಿಸ್‌ಗೆಂದೇ ರೂಪಿಸಿದ ವ್ಯಾಯಾಮಗಳಿಂದ ಭಂಗಿ, ಉಸಿರಾಟ ಮತ್ತು ಸ್ನಾಯುಬಲಕ್ಕೆ ಪ್ರಯೋಜನವಿದೆ, ಸಣ್ಣ ಬಾಗುಗಳಲ್ಲೂ ಬ್ರೇಸಿನ ಜೊತೆಗೂ ಅವುಗಳಿಗೆ ಜಾಗವಿದೆ, ಆದರೆ 50 ಡಿಗ್ರಿಯ ಬಾಗನ್ನು ಅಂಗಮರ್ದನದಿಂದಲೋ ಆಸನಗಳಿಂದಲೋ ನೆಟ್ಟಗೆ ಮಾಡಿಕೊಡುತ್ತೇವೆ ಎನ್ನುವವರು ಆ ಮಗುವಿನ ಅಮೂಲ್ಯ ತಿಂಗಳುಗಳನ್ನು ಕಸಿಯುತ್ತಿದ್ದಾರೆ.

ಶಸ್ತ್ರಚಿಕಿತ್ಸೆಯ ಪ್ರಶ್ನೆ ಏಳುವುದು ಸಾಮಾನ್ಯವಾಗಿ 45ರಿಂದ 50 ಡಿಗ್ರಿಯ ಸುಮಾರಿಗೆ. ಈ ಗಡಿ ಯಾರದೋ ಇಷ್ಟದಂತೆ ಬಂದದ್ದಲ್ಲ. ಎದೆಯ ಭಾಗದ ಬಾಗು 50 ಡಿಗ್ರಿ ದಾಟಿದ್ದರೆ ಬೆಳವಣಿಗೆ ನಿಂತ ಮೇಲೂ ವರ್ಷಕ್ಕೆ ಸರಾಸರಿ 1 ಡಿಗ್ರಿಯಂತೆ ಏರುತ್ತಾ ಹೋಗುವುದು ಕಂಡುಬಂದಿದೆ. 30 ಡಿಗ್ರಿಗಿಂತ ಕಡಿಮೆ ಇದ್ದರೆ ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತದೆ. ಇವತ್ತು ಏನೂ ನೋವಿಲ್ಲದ ಹುಡುಗಿಗೆ ಇಷ್ಟು ದೊಡ್ಡ ಆಪರೇಷನ್ ಏಕೆ ಎಂಬ ಪೋಷಕರ ಪ್ರಶ್ನೆಗೆ ಉತ್ತರ ಅವಳ ಮುಂದಿನ ನಾಲ್ಕು ದಶಕಗಳಲ್ಲಿದೆ. ಹಾಗೆಂದು ಭಯ ಹುಟ್ಟಿಸುವುದೂ ಸಲ್ಲದು. ಚಿಕಿತ್ಸೆ ಪಡೆಯದವರನ್ನು 50 ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ, ಅಮೆರಿಕದ ಅಯೋವಾ ರಾಜ್ಯದ ಅಧ್ಯಯನದ ಪ್ರಕಾರ ಅವರಲ್ಲಿ ಹೆಚ್ಚಿನವರು ದುಡಿದು, ಸಂಸಾರ ನಡೆಸಿ, ಸಾಮಾನ್ಯ ಬದುಕನ್ನೇ ಬಾಳಿದ್ದರು. ಬೆನ್ನುನೋವು ಮತ್ತು ತಮ್ಮ ರೂಪದ ಬಗೆಗಿನ ಬೇಸರ ಹೆಚ್ಚಿತ್ತು, ಉಸಿರಾಟದ ತೊಂದರೆ 80 ಡಿಗ್ರಿ ಮೀರಿದವರಲ್ಲಿ ಎದ್ದು ಕಂಡಿತ್ತು. ‘ಈಗಲೇ ಮಾಡಿಸದಿದ್ದರೆ ಹಾಸಿಗೆ ಹಿಡಿಯುತ್ತಾಳೆ’ ಎಂದು ಹೇಳಿ ಸಹಿ ಹಾಕಿಸಿಕೊಳ್ಳುವುದಕ್ಕೆ ಆಧಾರವಿಲ್ಲ.

ಆಪರೇಷನ್ನಿನಲ್ಲಿ ನಡೆಯುವುದೇನೆಂಬುದರ ಬಗ್ಗೆ ತಪ್ಪು ಕಲ್ಪನೆಯೇ ಹೆಚ್ಚು. ರಾಡು, ಸ್ಕ್ರೂ ಹಾಕಿ ನೆಟ್ಟಗೆ ಮಾಡುತ್ತಾರೆ ಎಂದಷ್ಟೇ ಜನ ತಿಳಿದಿರುತ್ತಾರೆ. ವಾಸ್ತವದಲ್ಲಿ ಚಿಕಿತ್ಸೆಯ ತಿರುಳು ಇರುವುದು ಕಶೇರುಗಳನ್ನು ಒಂದಕ್ಕೊಂದು ಬೆಸೆಯುವುದರಲ್ಲಿ. ಬೆನ್ನಿನ ಮಧ್ಯದಲ್ಲಿ ಉದ್ದಕ್ಕೆ ಸೀಳಿ, ಸ್ನಾಯುಗಳನ್ನು ಬದಿಗೆ ಸರಿಸಿ, ಕಶೇರುವಿನ ಎರಡೂ ಬದಿಯ ಕಿರಿದಾದ ಮೂಳೆಕಂಬಗಳ ಮೂಲಕ ಸ್ಕ್ರೂಗಳನ್ನು ಇಳಿಸುತ್ತಾರೆ. ಬೆನ್ನುಹುರಿ ಅಲ್ಲಿಂದ ಕೆಲವೇ ಮಿಲಿಮೀಟರ್ ದೂರದಲ್ಲಿರುತ್ತದೆ. ಸ್ಕ್ರೂಗಳ ತಲೆಗಳಿಗೆ ಎರಡು ರಾಡುಗಳನ್ನು ಕೂರಿಸಿ ಬಾಗನ್ನೂ ತಿರುಚನ್ನೂ ಸಾಧ್ಯವಾದಷ್ಟು ಬಿಡಿಸುತ್ತಾರೆ. ನಂತರ ಕಶೇರುಗಳ ಹಿಂಬದಿಯ ಸಣ್ಣ ಕೀಲುಗಳನ್ನು ತೆಗೆದು, ಮೂಳೆಯ ಮೇಲ್ಪದರವನ್ನು ಕೆರೆದು, ಮೂಳೆಯ ಚೂರುಗಳನ್ನು ಹರಡುತ್ತಾರೆ. ಮುಂದಿನ ಆರು ತಿಂಗಳಿಂದ ಒಂದು ವರ್ಷದಲ್ಲಿ ಆ ಚೂರುಗಳು ಕೂಡಿ ಇಡೀ ಭಾಗ ಒಂದೇ ಮೂಳೆಯಾಗುತ್ತದೆ. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಸೆಂಟ್ರಿಂಗ್ ಹಿಡಿದಿಡುವಂತೆ ರಾಡುಗಳ ಕೆಲಸ ಅಲ್ಲಿಯವರೆಗೆ ಹಿಡಿದಿಡುವುದು. ಬೆಸುಗೆ ಕೂಡದಿದ್ದರೆ ಎಷ್ಟು ಗಟ್ಟಿ ರಾಡಾದರೂ ಒಂದು ದಿನ ತುಂಡಾಗುತ್ತದೆ.

ಈ ವಿದ್ಯೆ ಇಲ್ಲಿಗೆ ತಲುಪಿದ್ದು ಏಟು ತಿನ್ನುತ್ತಲೇ. ನ್ಯೂಯಾರ್ಕಿನ ರಸೆಲ್ ಹಿಬ್ಸ್ 1911ರಲ್ಲಿ ಬೆಸೆಯುವ ಶಸ್ತ್ರಚಿಕಿತ್ಸೆ ಆರಂಭಿಸಿದಾಗ ಹಿಡಿದಿಡಲು ಲೋಹವೇ ಇರಲಿಲ್ಲ, ಪ್ಲಾಸ್ಟರ್ ಕವಚದಲ್ಲಿ ತಿಂಗಳುಗಟ್ಟಲೆ ಮಲಗಿರಬೇಕಿತ್ತು. ಹ್ಯೂಸ್ಟನ್ನಿನ ಪಾಲ್ ಹ್ಯಾರಿಂಗ್ಟನ್ ಪೋಲಿಯೊ ಪೀಡಿತ ಮಕ್ಕಳಿಗಾಗಿ ರೂಪಿಸಿ 1962ರಲ್ಲಿ ಪ್ರಕಟಿಸಿದ ರಾಡು ಬೆನ್ನನ್ನು ಎರಡು ತುದಿಗಳಿಂದ ಹಿಗ್ಗಿಸುತ್ತಿತ್ತು. ಮುಂದಿನಿಂದ ನೋಡಿದರೆ ನೆಟ್ಟಗೆ, ಆದರೆ ಪಕ್ಕದಿಂದ ನೋಡಿದರೆ ಸೊಂಟದ ಸಹಜ ಒಳಬಾಗೇ ಅಳಿಸಿಹೋಗಿ, ಹಲವರು ವರ್ಷಗಳ ನಂತರ ಮುಂದಕ್ಕೆ ವಾಲಿ ನೋವಿನಲ್ಲಿ ನಡೆಯುವಂತಾಯಿತು. ಫ್ರಾನ್ಸಿನ ಕೊಟ್ರೆಲ್ ಮತ್ತು ದುಬುಸೆ 1980ರ ದಶಕದಲ್ಲಿ ಹಲವು ಕಡೆ ಹಿಡಿದು ತಿರುಗಿಸುವ ಕ್ರಮ ತಂದರು. ನಂತರ ಬಂದ ಸ್ಕ್ರೂಗಳಿಂದ ಇಂದು ಮೂಲ ಬಾಗಿನ ಶೇ 60ರಿಂದ 70ರಷ್ಟನ್ನು ಸರಿಪಡಿಸುವುದು ಸಾಧ್ಯವಾಗಿದೆ. ಪೂರ್ತಿ ಸೊನ್ನೆ ಮಾಡುವುದು ಗುರಿಯಲ್ಲ. ತಲೆ ಸೊಂಟದ ನೇರಕ್ಕೆ ಬರುವುದು, ಭುಜಗಳು ಸಮವಾಗುವುದು, ಬಾಗು ಮತ್ತೆ ಬೆಳೆಯದಿರುವುದು ಮುಖ್ಯ.

ಎಲ್ಲರ ಭಯ ಕಾಲಿನ ಬಲ ಹೋದರೆ ಎಂಬುದು. ಕಾರಣ ಸಿಗದ ಹರೆಯದ ಸ್ಕೋಲಿಯೋಸಿಸ್‌ನಲ್ಲಿ ನರಕ್ಕೆ ಪೆಟ್ಟಾಗುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ, ಅದರಲ್ಲೂ ಸಾಕಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ. 1973ರಲ್ಲಿ ಫ್ರಾನ್ಸಿನ ಸ್ಟಾನ್ಯಾರಾ ಮತ್ತು ಸಹೋದ್ಯೋಗಿಗಳು ವಿವರಿಸಿದ ಕ್ರಮದಲ್ಲಿ, ಆಪರೇಷನ್ ನಡುವೆಯೇ ಅರಿವಳಿಕೆಯನ್ನು ತುಸು ಇಳಿಸಿ ‘ಕಾಲು ಆಡಿಸು’ ಎಂದು ಹೇಳಿ ಪರೀಕ್ಷಿಸುತ್ತಿದ್ದರು. ಈಗ ತಲೆ ಮತ್ತು ಕಾಲುಗಳಿಗೆ ಸಣ್ಣ ಎಲೆಕ್ಟ್ರೋಡುಗಳನ್ನಿಟ್ಟು ಬೆನ್ನುಹುರಿಯ ಸಂಕೇತಗಳನ್ನು ಉದ್ದಕ್ಕೂ ಗಮನಿಸುತ್ತಾರೆ. ಸಂಕೇತ ಕುಂದಿದರೆ ತಂಡ ಕೂಡಲೇ ಕೈ ನಿಲ್ಲಿಸಿ, ರಕ್ತದೊತ್ತಡ ಏರಿಸಿ, ಬೇಕಾದರೆ ತಿದ್ದಿದ್ದನ್ನು ಸಡಿಲಿಸುತ್ತದೆ. ಈ ನಿಗಾ ವ್ಯವಸ್ಥೆ ಇದೆಯೇ ಎಂದು ಪೋಷಕರು ಕೇಳಲೇಬೇಕು, ಕೇಳಿದರೆ ಬೇಸರಪಡುವ ವೈದ್ಯರಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಬೇಕು. ಇನ್ನೊಂದು ಕೇಳಬೇಕಾದ ಪ್ರಶ್ನೆ, ಎಲ್ಲಿಂದ ಎಲ್ಲಿಯವರೆಗೆ ಬೆಸೆಯುತ್ತೀರಿ ಎಂಬುದು. ಬೆಸೆದ ಭಾಗ ಮತ್ತೆ ಬಗ್ಗುವುದಿಲ್ಲ. ಎದೆಯ ಭಾಗಕ್ಕೆ ಹೇಗೂ ಚಲನೆ ಕಡಿಮೆಯಾದ್ದರಿಂದ ಅಲ್ಲಿ ಬೆಸೆದರೆ ಅಷ್ಟಾಗಿ ಗೊತ್ತಾಗುವುದಿಲ್ಲ. ಸೊಂಟದ ಐದು ಕಶೇರುಗಳಲ್ಲಿ ಒಂದೊಂದು ಕೆಳಗಿಳಿದಂತೆಯೂ ಬಗ್ಗುವ, ತಿರುಗುವ ಶಕ್ತಿ ಕಡಿಮೆಯಾಗುತ್ತದೆ, ಉಳಿದ ಕೀಲುಗಳ ಮೇಲೆ ಹೊರೆ ಬೀಳುತ್ತದೆ. ಎಷ್ಟು ಉಳಿಸಿದರು ಎಂಬುದರಲ್ಲಿ ಶಸ್ತ್ರವೈದ್ಯರ ಜಾಣ್ಮೆ ತಿಳಿಯುತ್ತದೆ. ಸೋಂಕು, ಸ್ಕ್ರೂ ಸಡಿಲವಾಗುವುದು, ಕೆಲವರಿಗೆ ಮತ್ತೊಮ್ಮೆ ಆಪರೇಷನ್ ಬೇಕಾಗುವುದು ಕೂಡ ಸಹಿಗೆ ಮೊದಲೇ ತಿಳಿಯಬೇಕಾದ ವಿಷಯಗಳು.

ಆಪರೇಷನ್ ಆದ ಮರುದಿನವೇ ನಾವು ಮಗುವನ್ನು ಎಬ್ಬಿಸಿ ನಿಲ್ಲಿಸುತ್ತೇವೆ. ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಕೆಳಗಿಳಿಸಿ, ಕೈಯೂರಿ ಏಳುವುದನ್ನು ಆಪರೇಷನ್ನಿಗೆ ಮೊದಲೇ ಕಲಿಸಿದ್ದರೆ ಆ ಕ್ಷಣದ ಗಾಬರಿ ಅರ್ಧ ತಗ್ಗುತ್ತದೆ. ಒಂದು ವಾರದೊಳಗೆ ಹೆಚ್ಚಿನವರು ಮನೆಗೆ ಹೋಗುತ್ತಾರೆ, ಒಂದು ಒಂದೂವರೆ ತಿಂಗಳಲ್ಲಿ ಶಾಲೆಗೆ ಮರಳುತ್ತಾರೆ. ಓಟ, ಆಟಗಳಿಗೆ ವೈದ್ಯರು ಒಪ್ಪುವವರೆಗೆ ಇನ್ನಷ್ಟು ತಿಂಗಳು ಬೇಕು. ಮದುವೆ, ಹೆರಿಗೆಗೆ ತೊಂದರೆಯೇ ಎಂಬುದು ಪಿಸುಮಾತಿನಲ್ಲಿ ಬರುವ ಪ್ರಶ್ನೆ. ಇಲ್ಲ, ಹೆರಿಗೆಯ ಹೊತ್ತಿಗೆ ಬೆನ್ನಿಗೆ ಅರಿವಳಿಕೆ ಕೊಡುವವರಿಗೆ ಬೆಸುಗೆಯ ವಿಷಯ ಮೊದಲೇ ಹೇಳಬೇಕು, ಅಷ್ಟೆ.

10 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಹೀಗೆ ಬೆಸೆದರೆ ಎದೆಗೂಡೂ ಶ್ವಾಸಕೋಶವೂ ಬೆಳೆಯಲಾರವು, ಅದಕ್ಕೇ ಅವರಿಗೆ ಪ್ಲಾಸ್ಟರ್ ಕವಚ ಅಥವಾ ಆಗಾಗ ಉದ್ದ ಮಾಡಬಹುದಾದ ರಾಡುಗಳು. ಬೆಸೆಯದೆ, ಬಾಗಿನ ಹೊರಬದಿಯ ಕಶೇರುಗಳಿಗೆ ಹಗ್ಗದಂಥ ತಂತು ಬಿಗಿದು ಬೆಳವಣಿಗೆಯಿಂದಲೇ ಬಾಗು ತಿದ್ದುವ ವಿಧಾನಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2019ರಲ್ಲಿ ಸೀಮಿತ ಅನುಮತಿ ನೀಡಿದೆ. ಕೇಳಲು ಆಕರ್ಷಕವಾದರೂ ತಂತು ತುಂಡಾಗುವುದು, ಮತ್ತೆ ಆಪರೇಷನ್ ಬೇಕಾಗುವುದು ಅದರಲ್ಲಿ ಕಡಿಮೆಯೇನಲ್ಲ. ಜಾಹೀರಾತು ನೋಡಿ ಮರುಳಾಗುವುದಕ್ಕೆ ಇನ್ನೂ ಕಾಲ ಬಂದಿಲ್ಲ.

ಶಾಲೆಗಳಲ್ಲಿ ಎಲ್ಲ ಮಕ್ಕಳನ್ನೂ ಬಗ್ಗಿಸಿ ನೋಡಬೇಕೇ ಎಂಬುದರಲ್ಲಿ ತಜ್ಞರಿಗೇ ಒಮ್ಮತವಿಲ್ಲ. ಅಮೆರಿಕದ ರೋಗ ತಡೆ ಕಾರ್ಯಪಡೆ 2004ರಲ್ಲಿ ಅದು ಬೇಡ ಎಂದಿತ್ತು. 2018ರಲ್ಲಿ ಆ ನಿಲುವು ಸಡಿಲಿಸಿ, ಪರವಾಗಿಯೋ ವಿರುದ್ಧವಾಗಿಯೋ ಹೇಳಲು ಪುರಾವೆ ಸಾಲದು ಎಂದಿತು. ಮೂಳೆ ಮತ್ತು ಮಕ್ಕಳ ತಜ್ಞರ ಅಲ್ಲಿನ ಸಂಘಗಳು ಹುಡುಗಿಯರನ್ನು 10 ಮತ್ತು 12ನೆಯ ವಯಸ್ಸಿನಲ್ಲೂ ಹುಡುಗರನ್ನು 13 ಅಥವಾ 14ರಲ್ಲಿ ಒಮ್ಮೆಯೂ ನೋಡಬೇಕೆನ್ನುತ್ತವೆ. ಅನಗತ್ಯ ಎಕ್ಸ್-ರೇಗಳು, ಅನಗತ್ಯ ಆತಂಕ ಹೆಚ್ಚುತ್ತವೆ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಬ್ರೇಸ್ ಕೆಲಸ ಮಾಡುತ್ತದೆಂದು ಗೊತ್ತಾದ ಮೇಲೆ, ಅದು ಕೆಲಸ ಮಾಡುವ ವಯಸ್ಸು ಕಳೆದುಹೋಗಲು ಬಿಡುವುದಕ್ಕಿಂತ, ತರಬೇತಿ ಪಡೆದ ದಾದಿಯೊಬ್ಬರು ಮರ್ಯಾದೆಗೆ ಧಕ್ಕೆಯಾಗದಂತೆ ಪರದೆಯ ಹಿಂದೆ ಅರೆ ನಿಮಿಷ ಬೆನ್ನು ನೋಡುವುದು ಮೇಲು ಎಂದು ನನ್ನ ನಿಲುವು. ಎಲ್ಲ ಶಾಲೆಗಳಲ್ಲಿ ಇದು ಬರುವವರೆಗೂ ಕಾಯಬೇಕಾಗಿಲ್ಲದ ಒಂದು ಗುಂಪಂತೂ ಇದೆ. ಮನೆಯಲ್ಲಿ ಒಬ್ಬರಿಗೆ ಸ್ಕೋಲಿಯೋಸಿಸ್ ಇದ್ದರೆ ಒಡಹುಟ್ಟಿದವರಲ್ಲೂ ಅದಿರುವ ಸಂಭವ ಉಳಿದವರಿಗಿಂತ ಹೆಚ್ಚು. ಅಕ್ಕನನ್ನು ಪರೀಕ್ಷೆಗೆ ಕರೆತಂದಾಗ ತಂಗಿ, ತಮ್ಮಂದಿರನ್ನೂ ಜೊತೆಗೆ ಕರೆತನ್ನಿ ಎಂದು ವೈದ್ಯರು ಹೇಳಬೇಕು. ಹೇಳದಿದ್ದರೆ ಪೋಷಕರೇ ಕರೆದೊಯ್ದು, ಬೆಳವಣಿಗೆ ಮುಗಿಯುವವರೆಗೆ ಆರು ತಿಂಗಳಿಗೊಮ್ಮೆ ಅವರ ಬೆನ್ನನ್ನೂ ಬಗ್ಗಿಸಿ ನೋಡಿಸಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಫಿಸಿಯೋಥೆರಪಿಸ್ಟ್